ಕಾಲು ಇದ್ದಷ್ಟು ಕಮೋಡು

ಮಾರ್ಚ್ ೪, ಮಂಗಳವಾರ

ಅಳತೆ ಪುಸ್ತಕದ ಹಿಂದಿನ ಹಾಳೆಯಿಂದ ಬರೆಯುತ್ತಿದ್ದೇನೆ. ಮುಂದಿನಿಂದ ಗಿರಾಕಿಗಳ ಎದೆ, ಸೊಂಟ, ತೋಳು. ಹಿಂದಿನಿಂದ ನನ್ನ ತಲೆಬಿಸಿ. ಎರಡೂ ಮಧ್ಯದಲ್ಲಿ ಡಿಕ್ಕಿ ಹೊಡೆದ ದಿನ ಹೊಸ ಪುಸ್ತಕ ತಂದರಾಯಿತು.

ಆದದ್ದು ಇಷ್ಟು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಮನೆಯ ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ನಿನ್ನೆ ಆಪರೇಷನ್ ಆಯಿತು, ಹೊಸ ಕೀಲು ಹಾಕಿದ್ದಾರೆ. ಇವತ್ತು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮನೇಲಿ ಕಕ್ಕಸು ಯಾವ ಥರದ್ದು?" ಎಂದರು. ಐವತ್ತೆಂಟು ವರ್ಷದಲ್ಲಿ ಯಾವ ಗಂಡಸೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ.

"ನೆಲದ್ದು ಡಾಕ್ಟ್ರೇ. ಕುಕ್ಕರಗಾಲಲ್ಲಿ ಕೂರೋದು."

"ಅದು ಮುಗೀತು. ಇನ್ನು ಹಾಗೆ ಕೂತ್ರೆ ಹಾಕಿರೋ ಕೀಲು ಜಾರುತ್ತೆ. ಹದಿನೇಳಕ್ಕೆ ಮನೆಗೆ ಕಳಿಸ್ತೀವಿ. ಅಷ್ಟರಲ್ಲಿ ಕಮೋಡು ಹಾಕ್ಸಿ. ಎತ್ತರದ್ದು."

ಎಷ್ಟು ಎತ್ತರ ಎಂದು ಕೇಳುವಷ್ಟರಲ್ಲಿ ಅವರು ಪಕ್ಕದ ಮಂಚಕ್ಕೆ ಹೋಗಿದ್ದರು. ನನ್ನ ಅಂಗಡಿಯಲ್ಲಿ ಯಾರಾದರೂ "ಉದ್ದ ಲಂಗ" ಎಂದಷ್ಟೇ ಹೇಳಿ ಹೊರಟರೆ ಬೀದಿಯವರೆಗೆ ಓಡಿ ಕೈಹಿಡಿದು ವಾಪಸು ತರುತ್ತೇನೆ. ಇಂಚು ಹೇಳದ ಮಾತೂ ಒಂದು ಮಾತೇ?

ಹೇಗೆ ಬಿದ್ದರು ಎಂದು ಬಂದವರೆಲ್ಲ ಕೇಳುತ್ತಾರೆ. ನೆಲ ಒದ್ದೆಯಿತ್ತು ಎನ್ನುತ್ತೇನೆ. ಬಚ್ಚಲೆಂದ ಮೇಲೆ ಒದ್ದೆಯಿರದೆ ಇನ್ನೇನು.

ಮಾರ್ಚ್ ೫, ಬುಧವಾರ

ಕಮೋಡಿನ ಅಂಗಡಿಗೆ ಹೋಗಿದ್ದೆ. ನಾನು ಕೊಳ್ಳಲು ಹೋದ ವಸ್ತು ಒಂದು. ಅವರು ತೋರಿಸಿದ್ದು ಮೂವತ್ತೆರಡು. ಅಷ್ಟೂ ಬೆಳ್ಳಗೆ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು.

ಮಾರುವವಳು ಚುರುಕು. "ಮೇಡಂ, ಒನ್ ಪೀಸ್ ಬೇಕಾ, ಟೂ ಪೀಸ್ ಬೇಕಾ?"

ಇದು ನನ್ನ ವಿಷಯ ಎಂದು ಧೈರ್ಯ ಬಂತು. ವಿಚಾರಿಸಿದರೆ, ನೀರಿನ ಟ್ಯಾಂಕು ಅಂಟಿಕೊಂಡಿದ್ದರೆ ಒನ್ ಪೀಸ್, ಬೇರೆಯಾಗಿದ್ದರೆ ಟೂ ಪೀಸ್. ಅಲ್ಲಿಯವರೆಗೆ ಸರಿ.

"ನೆಲಕ್ಕೆ ನಿಲ್ಲೋದಾ, ಗೋಡೆಗೆ ನೇತಾಡೋದಾ?"

"ನಮ್ಮನೇಲಿ ಗೋಡೆಗೆ ನೇತಾಡೋದು ಕೋಟು ಮಾತ್ರ ಕಣಮ್ಮ."

"ಎಸ್ ಟ್ರ್ಯಾಪಾ, ಪಿ ಟ್ರ್ಯಾಪಾ?"

ನನಗೆ ಎಸ್ ಅಂದರೆ ಸ್ಮಾಲ್. ಯಜಮಾನರು ಗಿಡ್ಡ ಆಳು, "ಎಸ್ಸೇ ಇರಲಿ" ಎಂದೆ. ಅವಳು ನಗು ತಡೆದುಕೊಂಡು, ಕೊಳೆನೀರು ನೆಲದೊಳಕ್ಕೆ ಇಳಿದರೆ ಎಸ್, ಗೋಡೆಯಿಂದ ಆಚೆ ಹೋದರೆ ಪಿ ಎಂದು ವಿವರಿಸಿದಳು. ನಮ್ಮ ಮನೆಯಲ್ಲಿ ಎಲ್ಲಿಂದ ಹೋಗುತ್ತದೆ? ಇಪ್ಪತ್ತಾರು ವರ್ಷದಿಂದ ಹೋಗುತ್ತಿದೆ, ಎಲ್ಲಿಗೆ ಎಂದು ಕೇಳಿದವಳಲ್ಲ.

ಮೂರರ ಮೇಲೆ ಕೂತು ನೋಡಿದೆ. ಅಂಗಡಿಯ ಮಧ್ಯದಲ್ಲಿ, ಚಪ್ಪಲಿ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು. ಒಬ್ಬ ಗಂಡಸು ಟೈಲ್ಸ್ ನೋಡುವ ನೆಪದಲ್ಲಿ ನನ್ನನ್ನು ನೋಡಿದ. "ಬಸ್ಸು ಬರ್ಲಿ ಅಂತ ಕೂತಿದೀನಿ" ಎಂದೆ. ಹೊರಟುಹೋದ.

ಏನೂ ಕೊಳ್ಳದೆ ಬಂದೆ. ನಾನು ಏನೂ ಕೊಳ್ಳದೆ ಅಂಗಡಿಯಿಂದ ಬಂದದ್ದು ಇದೇ ಮೊದಲು.

ಮಾರ್ಚ್ ೭, ಶುಕ್ರವಾರ

ಪ್ಲಂಬರ್ ಬಂದು ಬಗ್ಗಿ ನೋಡಿದ. ನೆಲದೊಳಕ್ಕೇ ಹೋಗುತ್ತದಂತೆ. ಹಾಗಾದರೆ ಎಸ್ ಎಂದದ್ದು ಸರಿಯೇ ಆಯಿತು. ಕುರುಡು ಹೊಲಿಗೆಯೂ ಒಮ್ಮೊಮ್ಮೆ ನೇರ ಬೀಳುತ್ತದೆ. ಗೋಡೆಗೆ ನೇತುಹಾಕುವುದಂತೂ ಆಗದ ಮಾತು. "ಈ ಗೋಡೆ ಟವೆಲ್ ಹೊತ್ರೆ ಹೆಚ್ಚು ಅಕ್ಕಾ" ಎಂದ.

ಆಸ್ಪತ್ರೆಯಲ್ಲಿ ನರ್ಸು ನನ್ನನ್ನೇ ಬೈದಳು. "ನಿಮ್ಮ ಯಜಮಾನ್ರು ನೀರು ಕುಡಿಯಲ್ಲ. ಊಟಾನೂ ನಾಲ್ಕೇ ತುತ್ತು. ಬೆಡ್‌ಪ್ಯಾನ್ ಕೇಳ್ಬೇಕಾಗುತ್ತೆ ಅಂತ. ಹೀಗೇ ಆದ್ರೆ ಕಿಡ್ನಿಗೆ ಬರುತ್ತೆ, ನೀವಾದ್ರೂ ಹೇಳಿ."

ನಾನು ಹೇಳುವುದಾ? ನಾವಿಬ್ಬರೂ ನೇರ ಮಾತಾಡಿ ಆರು ವರ್ಷ. ಜಗಳವೇನಿಲ್ಲ. "ಊಟ ಇಟ್ಟಿದೆ" ಎಂದು ನಾನು ಗೋಡೆಗೆ ಹೇಳುತ್ತೇನೆ, ಸ್ವಲ್ಪ ಹೊತ್ತಿಗೆ ಗೋಡೆಯ ಆ ಕಡೆಯಿಂದ ಅವರು ಬರುತ್ತಾರೆ. "ಕರೆಂಟ್ ಬಿಲ್ ಕಟ್ಟಿ ಆಯ್ತು" ಎಂದು ಅವರು ಕಿಟಕಿಗೆ ಹೇಳುತ್ತಾರೆ, ಕಿಟಕಿಯ ಪರವಾಗಿ ನಾನು ಹೂಂ ಎನ್ನುತ್ತೇನೆ. ಮನೆ ನಡೆಯುತ್ತದೆ.

ಶುರುವಾದದ್ದು ಅವರು ನಿವೃತ್ತರಾದ ವರ್ಷ. ಮನೆಮನೆ ತಿರುಗಿ ಮೀಟರ್ ಓದುತ್ತಿದ್ದವರು, ತಿರುಗುವುದು ನಿಂತ ಮೇಲೆ ನನ್ನ ಅಂಗಡಿಯ ಕುರ್ಚಿಯಲ್ಲಿ ಬಂದು ಕೂರತೊಡಗಿದರು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಅಳತೆ ಕೊಡಲು ಬಂದ ಹೆಂಗಸರು ಮುದುಡಿಕೊಳ್ಳುತ್ತಿದ್ದರು. ಒಂದು ದಿನ ನಾಲ್ಕು ಜನರ ಎದುರಿಗೆ, "ಒಳಗೆ ಹೋಗಿ ಕೂತ್ಕೊಳ್ಳಿ, ಇಲ್ಲಿ ನಿಮಗೇನು ಕೆಲಸ?" ಎಂದೆ. ಹೋದರು. ಆಮೇಲೆ ಹೊರಗೆ ಬರಲಿಲ್ಲ. ಅವತ್ತಿನಿಂದ ನನ್ನ ಲೆಕ್ಕದಲ್ಲಿ ಅವರು ಒಳಮನೆಯವರು. ನಾನು ಹೇಳಿದ್ದರಲ್ಲಿ ತಪ್ಪಿಲ್ಲ. ಹೇಳಿದ ರೀತಿಯಲ್ಲಿ ಇದ್ದರೂ ಅರ್ಧ ಇಂಚು.

ಇವತ್ತು ಆಸ್ಪತ್ರೆಯ ಕಿಟಕಿಗೆ, "ನೀರು ಕುಡೀಬೇಕಂತೆ" ಎಂದೆ. ಕಿಟಕಿ ಕುಡಿಯಲಿಲ್ಲ.

ಇನ್ನೊಂದು. ಬಚ್ಚಲು ಗಬ್ಬು ನಾರುತ್ತಿದೆ. ಮಂಗಳವಾರ ನೆನೆಹಾಕಿದ ಲೈನಿಂಗ್ ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ಇದೆ. ಲೈನಿಂಗ್ ಮೊದಲ ನೀರಿಗೆ ಕುಗ್ಗುತ್ತದೆ, ಅದಕ್ಕೇ ಹಿಂದಿನ ಸಂಜೆ ನೆನೆಹಾಕಿ ಮರುದಿನ ಒಣಗಿಸಿ ಕತ್ತರಿಸುವುದು ನನ್ನ ಪದ್ಧತಿ. ಕಾಜಾ ಅಕ್ಕ ಹಿಂಡಿ ಹಾಕಿಲ್ಲ. ನಮ್ಮಲ್ಲಿ ಗುಂಡಿಮನೆ ಹೊಲಿದು ಹುಕ್ಕು ಹಚ್ಚುವವಳು ಅವಳು. ಯಜಮಾನರು ಆಸ್ಪತ್ರೆ ಸೇರಿದ್ದೇ ತಡ, ಅವಳಿಗೂ ರಜೆ ಸಿಕ್ಕಂತಾಗಿದೆ.

ಮಾರ್ಚ್ ೮, ಶನಿವಾರ

ತೀರ್ಮಾನ ಆಯಿತು. ಹತ್ತೊಂಬತ್ತು ಇಂಚಿನದು. ಅಂಗಡಿಯಲ್ಲಿದ್ದದ್ದರಲ್ಲೆಲ್ಲ ಎತ್ತರದ್ದು.

ನನ್ನ ತರ್ಕ: ಬಟ್ಟೆ ಯಾವಾಗಲೂ ದೊಡ್ಡದಾಗಿ ಕತ್ತರಿಸಬೇಕು. ಸಡಿಲವಾದರೆ ಒಳಗೆ ಹಿಡಿಯಬಹುದು, ಬಿಗಿಯಾದರೆ ಹರಿದಂತೆಯೇ. ಈ ಒಂದು ಬುದ್ಧಿಯ ಮೇಲೆ ಮೂವತ್ತು ವರ್ಷ ಅಂಗಡಿ ನಡೆಸಿದ್ದೇನೆ. ಡಾಕ್ಟರೂ ಎತ್ತರ ಎಂದಿದ್ದಾರೆ. ಮಾರುವವಳು, "ಕೂರೋರು ಎಷ್ಟು ಎತ್ತರ ಇದಾರೆ ಮೇಡಂ?" ಎಂದಳು. "ಕೂತ ಮೇಲೆ ಎಲ್ಲಾರೂ ಒಂದೇ" ಎಂದೆ. ಸೋಮವಾರ ತಂದಿಳಿಸುತ್ತಾರೆ.

ಮಾರ್ಚ್ ೧೦, ಸೋಮವಾರ

ಕಮೋಡು ಬಂತು. ನಮ್ಮಲ್ಲಿ ಬಚ್ಚಲು, ಕಕ್ಕಸು ಒಂದೇ ಕೋಣೆ; ಅದನ್ನು ಖಾಲಿ ಮಾಡುವವರೆಗೆ ಅಂಗಡಿಯಲ್ಲೇ ಇಟ್ಟಿದ್ದೇನೆ, ಮೇಲೊಂದು ಬಟ್ಟೆ ಹೊದಿಸಿ. ಬಂದವರೆಲ್ಲ ಹೊಸ ಮಿಷನ್ನಾ ಎಂದು ಕೇಳುತ್ತಾರೆ.

ಮೈದುನ ಬಂದಿದ್ದ. ಅಣ್ಣನಿಗಿಂತ ಹತ್ತು ವರ್ಷ ಚಿಕ್ಕವನು, ಮಾತು ಮಾತ್ರ ಹತ್ತು ವರ್ಷ ದೊಡ್ಡದು.

"ಅತ್ತಿಗೆ, ನೀವ್ಯಾಕೆ ಇಷ್ಟು ಒದ್ದಾಡ್ತೀರಿ? ಅಣ್ಣನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಲಿಫ್ಟ್ ಇದೆ, ಎರಡು ಕಮೋಡಿದೆ. ಹಾಲ್‌ನಲ್ಲಿ ಟಿವಿ ನೋಡ್ಕೊಂಡು ಇರ್ಲಿ. ಇಲ್ಲಿ ಅವನಿಗೆ ಕೂರೋಕಾದ್ರೂ ಎಲ್ಲಿ ಜಾಗ ಇದೆ?"

"ನಿಮ್ಮಣ್ಣ ಏನಂದ್ರು?"

"ಆಗ್ಲಿ ಅಂದ."

"ಎಷ್ಟು ದಿನಕ್ಕೆ?"

"ಅದನ್ನ ಕೇಳಲಿಲ್ಲ, ಅವನೂ ಹೇಳಲಿಲ್ಲ." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಬೆಳಿಗ್ಗೆ ಆರು ಗಂಟೆಗೆ ನೆಲ ಯಾಕೆ ಒದ್ದೆಯಿತ್ತು ಅತ್ತಿಗೆ? ಮನೇಲಿ ಮೊದಲು ಏಳೋನು ಅಣ್ಣನೇ ಅಲ್ವಾ?" ಎಂದ.

"ನಿಮ್ಮ ಲಿಫ್ಟ್ ಇರೋ ಮನೇಲಿ ನಲ್ಲಿ ಸೋರಲ್ವೇನೋ" ಎಂದು ಬಾಯಿ ಮುಚ್ಚಿಸಿದೆ.

ಇಲ್ಲಿ ಬರೆಯಬಹುದು. ಅವರು ಬೀಳುವ ಹಿಂದಿನ ದಿನ, ಗುರುವಾರ ಸಂಜೆ, ಬಕೆಟ್ ತುಂಬಾ ಲೈನಿಂಗ್ ನೆನೆಹಾಕಿದ್ದು ನಾನು. ಬೆಳಿಗ್ಗೆ ನೋಡಿದಾಗ ಬಕೆಟ್ ಮಗುಚಿತ್ತು, ಪಕ್ಕದಲ್ಲಿ ಅವರು. ಎಡವಿದರೋ ಏನೋ. ಅಷ್ಟು ದೊಡ್ಡ ಬಕೆಟ್ ಕಣ್ಣಿಗೆ ಕಾಣದೆ ಹೋಯಿತೇ?

ಹಾಲ್‌ನಲ್ಲಿ ಕೂರುತ್ತಾರಂತೆ. ಕೂರಲಿ.

ಮಾರ್ಚ್ ೧೧, ಮಂಗಳವಾರ

ಕಾಜಾ ಅಕ್ಕನಿಗೆ ಲೈನಿಂಗ್ ವಿಷಯದಲ್ಲಿ ಚೆನ್ನಾಗಿ ಬೈದೆ. ಅವಳು ಸೂಜಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ನಾನ್ಯಾವತ್ತು ಹಿಂಡಿ ಹಾಕಿದೀನಿ? ನಾನು ಬರೋದೇ ಹತ್ತಕ್ಕೆ. ನಾನು ಬರೋ ಹೊತ್ತಿಗೆ ಮಹಡಿ ಮೇಲೆ ಅರ್ಧ ಒಣಗಿರುತ್ತೆ. ನೀವೇ ಹಾಕ್ತೀರಿ ಅಂದ್ಕೊಂಡಿದ್ದೆ."

ನಾನು ಹಾಕುವುದಿಲ್ಲ. ಅವಳು ಹಾಕುತ್ತಾಳೆ ಎಂದುಕೊಂಡಿದ್ದೆ.

ಮಾರ್ಚ್ ೧೨, ಬುಧವಾರ

ನಮ್ಮ ಮನೆಯಲ್ಲಿ ಇರುವುದು ಎರಡೇ ಜನ.

ಕಮೋಡಿನ ಪಕ್ಕಕ್ಕೆ ಹಿಡಿದುಕೊಳ್ಳುವ ಸರಳು ಬಲಕ್ಕೋ ಎಡಕ್ಕೋ ಎಂದು ಪ್ಲಂಬರ್ ಫೋನ್ ಮಾಡಿ ಕೇಳಿದ. ನಿಂತು ನೋಡಿದರೆ ಬಲ, ಕೂತರೆ ಎಡ. ಗಿರಾಕಿಯ ಬಲಗೈ ನನ್ನ ಎಡಗೈ ಕಡೆ ಎಂಬುದು ಮೂವತ್ತು ವರ್ಷದ ಅಭ್ಯಾಸ. ಆದರೂ ಇವತ್ತು ಎರಡು ಸಲ ತಪ್ಪು ಹೇಳಿದೆ.

ಮಾರ್ಚ್ ೧೩, ಗುರುವಾರ

ಆಸ್ಪತ್ರೆಗೆ ಹೋದಾಗ, ನಡೆಯಲು ಕಲಿಸುವ ಫಿಸಿಯೋ ಹುಡುಗಿ ಅವರನ್ನು ಎಬ್ಬಿಸಿ ನಿಲ್ಲಿಸಿದ್ದಳು. "ಎಷ್ಟು ಇಂಚಿನ ಕಮೋಡು ತಂದಿದೀರಾ ಆಂಟಿ?" ಎಂದಳು. ಹೆಮ್ಮೆಯಿಂದ ಹತ್ತೊಂಬತ್ತು ಎಂದೆ. ಅಲ್ಲಿದ್ದ ಕುರ್ಚಿಯ ಕಾಲುಗಳನ್ನು ಎಳೆದು ಹತ್ತೊಂಬತ್ತಕ್ಕೆ ನಿಲ್ಲಿಸಿ ಇವರನ್ನು ಕೂರಿಸಿದಳು.

ಕಾಲು ನೆಲಕ್ಕೆ ಮುಟ್ಟಲಿಲ್ಲ. ಹೆಬ್ಬೆರಳ ತುದಿ ಮಾತ್ರ. ಕಟ್ಟೆಯ ಮೇಲೆ ಕೂರಿಸಿದ ಮಗುವಿನ ಹಾಗೆ ಎರಡೂ ಪಾದ ತೂಗುತ್ತಿದ್ದವು. ಇವರು ನನ್ನನ್ನೂ ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ.

"ಹೀಗಾದ್ರೆ ತಾವೇ ಏಳೋದು ಹೇಗೆ? ಯಾರಾದ್ರೂ ಎತ್ಬೇಕಾಗುತ್ತೆ. ಕೂತಾಗ ಮಂಡಿ ಸೊಂಟಕ್ಕಿಂತ ಕೆಳಗೇ ಇರ್ಬೇಕು, ಪಾದ ಪೂರ್ತಿ ಊರ್ಬೇಕು. ಮಂಡಿ ಹಿಂದಿನ ಮಡಿಕೆಯಿಂದ ನೆಲಕ್ಕೆ ಎಷ್ಟಿದೆ ನೋಡಿ, ಅದಕ್ಕೆ ಎರಡು ಇಂಚು ಸೇರ್ಸಿ. ಅಷ್ಟೇ ಅಳತೆ."

ಎಷ್ಟಿದೆ? ಈ ಊರಿನ ಅರ್ಧ ಹೆಂಗಸರ ತೋಳಿನ ಸುತ್ತಳತೆ ನನಗೆ ಬಾಯಿಪಾಠ. ಇವರದೊಂದು ಗೊತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಹೇಳುತ್ತಾರೆ; ಕಾಲು ಇದ್ದಷ್ಟು ಕಮೋಡು ಎತ್ತು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೊರಳಲ್ಲಿ ಟೇಪು ಇದ್ದೇ ಇತ್ತು. ಮಂಡಿಯೂರಿ ಕೂತೆ. ಚಪ್ಪಲಿ ಹಾಕಿಸಿ ಅಳೆದೆ. ಹಿಮ್ಮಡಿ ಸೀಳಿತ್ತು, ಊರೆಲ್ಲ ತಿರುಗಿದ ಕಾಲು. ಹದಿನೈದು. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದೆ. ಹದಿನೈದೇ.

ತಲೆಯೆತ್ತದೆ, ನೆಲಕ್ಕೆ ಹೇಳುವ ಹಾಗೆ, "ಲೈನಿಂಗ್ ಬಟ್ಟೆ ಮೂರು ದಿನ ಬಕೆಟ್ಟಲ್ಲೇ ಇತ್ತು" ಎಂದೆ.

ಮೇಲಿನಿಂದ ಇವರ ಧ್ವನಿ, "ನಾರ್ತಾ?"

"ನಾರ್ತು."

"ನಾರದೆ ಇನ್ನೇನು. ಕೆಂಪಿನ ಜೊತೆ ಹಳದಿ ನೆನೆಸ್ಬೇಡ ಅಂತ ನಿನಗೆ ಎಷ್ಟು ಸಲ ಹೇಳೋದು? ಬಣ್ಣ ಬಿಡುತ್ತೆ."

"ಯಾವಾಗ ಹೇಳಿದ್ರಿ?"

"ಮನಸ್ಸಲ್ಲಿ. ದಿನಾ ಹೇಳ್ತಿದ್ದೆ."

ಫಿಸಿಯೋ ಹುಡುಗಿ ಕಿಸಕ್ಕನೆ ನಕ್ಕು, ಏನೋ ತರುವ ನೆಪ ಹೇಳಿ ಆಚೆ ಹೋದಳು.

"ನೀವ್ಯಾಕ್ರೀ ಎತ್ತೋಕೆ ಹೋದ್ರಿ? ಅಷ್ಟು ಭಾರದ ಬಕೆಟ್ಟು. ಯಾರು ಹೇಳಿದ್ರು ನಿಮಗೆ?"

"ನೀನೇ ಕೇಳಿದ್ಯಲ್ಲ, ಇಲ್ಲಿ ನಿಮಗೇನು ಕೆಲಸ ಅಂತ." ಇವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಹುಡುಕ್ಕೊಂಡೆ."

ಟೇಪು ಸುತ್ತಲು ಹೋದರೆ ಸುತ್ತಿಕೊಳ್ಳಲೇ ಇಲ್ಲ. ಆರು ವರ್ಷ ಎಂದರೆ ಎಷ್ಟು ಬಕೆಟ್ಟಾಯಿತು? ಗುಣಿಸಲು ಹೊರಟು ಕೈಬಿಟ್ಟೆ.

ಬರುವಾಗ ಲೋಟದಲ್ಲಿ ನೀರು ಕೊಟ್ಟೆ. ಅರ್ಧ ಕುಡಿದರು.

ಮಾರ್ಚ್ ೧೪, ಶುಕ್ರವಾರ

ಹತ್ತೊಂಬತ್ತನ್ನು ವಾಪಸು ಹೊರಿಸಿಕೊಂಡು ಹೋದೆ. "ಹದಿನೇಳು ಕೊಡಮ್ಮ." ಹದಿನೇಳು ಬರಲು ಮೂರು ವಾರ ಬೇಕಂತೆ. ಈಗ ಸಿಗುವುದು ಸೀಟು ಸೇರಿ ಹದಿನೈದೂವರೆ, ಇಲ್ಲವೇ ಹತ್ತೊಂಬತ್ತು. ಒಂದು ಗಿಡ್ಡ, ಒಂದು ಉದ್ದ. ಅಂಗಡಿಯ ನಡುವೆ ತಲೆ ಮೇಲೆ ಕೈಹೊತ್ತು ನಿಂತೆ. ದೊಡ್ಡದನ್ನು ಒಳಗೆ ಹಿಡಿಯೋಣವೆಂದರೆ ಇದು ಬಟ್ಟೆಯಲ್ಲ, ಪಿಂಗಾಣಿ.

ಆಗ ಹೊಳೆಯಿತು. ಬೆಳೆದ ಹುಡುಗಿಯ ಲಂಗ ಗಿಡ್ಡವಾದರೆ ಏನು ಮಾಡುತ್ತೇವೆ? ಕೆಳಗೆ ಪಟ್ಟಿ ಕೊಡುತ್ತೇವೆ.

ಪ್ಲಂಬರ್ ಕೇಳಿ ಕಣ್ಣು ಬಿಟ್ಟ. "ಕಮೋಡಿಗೆ ಯಾರಾದ್ರೂ ಪಟ್ಟಿ ಕೊಡ್ತಾರಾ ಅಕ್ಕಾ?"

"ನಾನು ಕೊಡ್ತೀನಿ. ಕೆಳಗೆ ಒಂದೂವರೆ ಇಂಚು ಸಿಮೆಂಟ್ ಕಟ್ಟೆ."

"ಕಟ್ಟೆ ಆಚೆ ಬಂದ್ರೆ ಕಾಲಿಗೆ ತಗಲುತ್ತೆ. ಕಮೋಡಿನ ಪಾದ ನೋಡಿ, ಒಂದು ಕಡೆ ಮೊಟ್ಟೆ ಥರ, ಒಂದು ಕಡೆ ಚೌಕ."

ಕಮೋಡನ್ನು ಕಾಗದದ ಮೇಲೆ ನಿಲ್ಲಿಸಿ ಸುತ್ತ ಸೀಮೆಸುಣ್ಣ ಎಳೆದು, ಪೈಪಿಗೆ ತೂತು ಬಿಟ್ಟು, ಕತ್ತರಿಸಿ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇಷ್ಟು ವರ್ಷದಲ್ಲಿ ಪೇಪರ್ ಕಟಿಂಗ್ ನೋಡಿ ಕಕ್ಕಸು ಕಟ್ತಿರೋದು ಇದೇ ಮೊದಲು" ಎಂದ.

ನಾಳೆ ಒಡೆಯುತ್ತಾನೆ. ಸಿಮೆಂಟ್ ಗಟ್ಟಿಯಾಗಿ ಕೂರಲು ಯೋಗ್ಯವಾಗುವುದು ಇಪ್ಪತ್ತಕ್ಕೆ. ಇವರನ್ನು ಕಳಿಸುವುದು ಹದಿನೇಳಕ್ಕೆ. ಈ ಮೂರು ದಿನವನ್ನು ಎಲ್ಲಿಂದ ಎಳೆದು ತರಲಿ?

ಮಾರ್ಚ್ ೧೭, ಸೋಮವಾರ

ಮೈದುನ ಕಾರು ತಂದಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಇವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಾಲಿನ ಪಕ್ಕ ದಿಂಬು ಒತ್ತಿ, ಬಾಗಿಲು ಹಾಕಿದ. ನಾನು ಹೊರಗೆ ನಿಂತಿದ್ದೆ. ಇವರು ಗಾಜು ಇಳಿಸಿ, "ಸಿಮೆಂಟ್ ಒಣಗ್ಲಿ" ಎಂದರು. ಅಷ್ಟೇ.

ಒಣಗಲಿ ಎಂದರೆ ಒಣಗಿದ ಮೇಲೆ ಬರುತ್ತೇನೆ ಎಂದೋ? ಒಣಗಿಕೊಂಡಿರಲಿ, ನನಗೇನು ಎಂದೋ? ಮೈದುನ ಮೂರು ಜೊತೆ ಬಟ್ಟೆ ಕೇಳಿದ್ದ. ನಾನು ಎರಡು ಕಟ್ಟಿ ಕೊಟ್ಟಿದ್ದೆ. ಹೆಚ್ಚು ಕೊಟ್ಟರೆ ಹೆಚ್ಚು ದಿನ ಇರುತ್ತಾರೆ ಎಂಬ ಲೆಕ್ಕವಲ್ಲ. ಮೂರನೆಯದು ಇಸ್ತ್ರಿ ಆಗಿರಲಿಲ್ಲ.

ಬಚ್ಚಲು ಅಗೆದು ಹಾಕಿದೆ. ಪಕ್ಕದ ಮನೆಯವರ ಕಕ್ಕಸಿಗೆ ಹೋಗಿಬರುತ್ತಿದ್ದೇನೆ. ಬಾಗಿಲು ತಟ್ಟಿ "ಸ್ವಲ್ಪ" ಎನ್ನಬೇಕು. ಮೂರನೇ ಸಲಕ್ಕೆ ನಾನೂ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ.

ಮಾರ್ಚ್ ೧೮, ಮಂಗಳವಾರ

ಫೋನ್ ಬಂತು. ಇವರೇ.

"ಇವಳೇ, ಇಲ್ಲಿನ ಕಮೋಡು ತಾನೇ ನೀರು ಬಿಡುತ್ತೆ ಕಣೇ. ನಾನಿನ್ನೂ ಏಳೋ ಮುಂಚೆನೇ. ಬೆಚ್ಚಿಬಿದ್ದೆ."

"ಬೀಳ್ಬೇಡಿ! ಸರಳು ಹಿಡ್ಕೊಳ್ಳಿ."

"ಸರಳಿಲ್ಲ. ತಮ್ಮ ಬಾಗಿಲಾಚೆ ನಿಂತು ಆಯ್ತಾ, ಆಯ್ತಾ ಅಂತಾನೆ." ಆಮೇಲೆ, "ಒಣಗ್ತಾ?" ಎಂದರು.

ಹೋಗಿ ಬೆರಳಿಟ್ಟು ನೋಡಿ ಬಂದು ಹೇಳಿದೆ. ಮೇಲೆ ಒಣಗಿದೆ, ಬುಡದಲ್ಲಿ ತಂಪಿದೆ.

ಅಂಗಡಿಯ ಮೂಲೆಗೆ ಅಡ್ಡ ತಂತಿ ಕಟ್ಟಿ ಪರದೆ ಹಾಕಿದೆ. ಅಳತೆ ಕೊಡುವವರು ಪರದೆಯ ಒಳಗೆ ನಿಂತರೆ ಅವರಿಗೂ ಅನುಕೂಲ. ಎಷ್ಟೋ ದಿನದಿಂದ ಆಗಬೇಕಿದ್ದ ಕೆಲಸ. ಕಿಟಕಿಯ ಹತ್ತಿರ ಒಂದು ಕುರ್ಚಿಗೆ ಜಾಗ ಉಳಿಯಿತು. ಕುರ್ಚಿ ಹದಿನೇಳೇ ಇಂಚು, ಅಳೆದು ನೋಡಿದೆ.

ಮಾರ್ಚ್ ೨೦, ಗುರುವಾರ

ಹನ್ನೊಂದು ಗಂಟೆಗೆ ಕಾರಿನ ಸದ್ದು. ಮೈದುನ ಮುಖ ಊದಿಸಿಕೊಂಡಿದ್ದ. "ಎರಡು ಕಮೋಡಿರೋ ಮನೆ ಬಿಟ್ಟು ಒಂದಿರೋ ಮನೆಗೆ ಬರ್ತಾನಂತೆ, ನೀವೇ ನೋಡ್ಕೊಳ್ಳಿ ಅತ್ತಿಗೆ" ಎಂದ. ಇವರು ವಾಕರ್ ಊರಿಕೊಂಡು ಅಂಗಡಿ ದಾಟಿ, ಪರದೆ ನೋಡಿ ಒಂದು ಗಳಿಗೆ ನಿಂತು, ನೇರ ಬಚ್ಚಲಿಗೆ ಹೋದರು.

ನಾನೂ ಹಿಂದೆಯೇ ಹೋದೆ. "ಬೇಕಾದ್ರೆ ಕೂಗಿ."

"ಹೋಗು, ಅಂಗಡಿ ನೋಡ್ಕೋ." ಬಾಗಿಲು ಹಾಕಿಕೊಂಡರು.

ಹೋಗಲಿಲ್ಲ. ಕೂತ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ. ಪಾದ ಊರಿದೆಯೋ ಇಲ್ಲವೋ? ಅಳೆದದ್ದು ಚಪ್ಪಲಿ ಹಾಕಿಸಿ, ಈಗ ಚಪ್ಪಲಿ ಹಾಕಿಕೊಂಡು ಹೋದರೇ? ಸರಳು ಬಲಕ್ಕೇ ಇದೆಯಲ್ಲ? ಒಂದೂವರೆ ಸೇರಿಸಿದ್ದು ಸರಿಯೇ, ಇಲ್ಲ ಕೂಡಿಸುವುದರಲ್ಲೇ ತಪ್ಪಿದೆನೇ? ಹದಿನೈದೂವರೆ, ಒಂದೂವರೆ. ಮೂರು ಸಲ ಕೂಡಿಸಿದೆ, ಮೂರು ಸಲವೂ ಹದಿನೇಳೇ ಬಂತು, ಆದರೂ ನೆಮ್ಮದಿ ಬರಲಿಲ್ಲ.

"ಇವಳೇ!"

ಬಾಗಿಲು ತಳ್ಳಿದೆ. ಇವರು ನಿಂತಿದ್ದರು. ಯಾರೂ ಎತ್ತದೆ, ತಾವೇ ಎದ್ದು, ಬಟ್ಟೆ ಸರಿಮಾಡಿಕೊಂಡು, ಒಂದು ಕೈಯಲ್ಲಿ ಸರಳು ಹಿಡಿದು.

"ಇದರ ತಲೆ ಮೇಲೆ ಎರಡು ಗುಂಡಿ ಇದೆಯಲ್ಲ, ಯಾವುದು ಒತ್ತೋದು?"

ನೋಡಿದೆ. ದುಂಡನೆಯ ಒಂದೇ ಗುಂಡಿಯನ್ನು ನಡುವೆ ಸೀಳಿದ ಹಾಗೆ ಎರಡು ಭಾಗ. ಒಂದು ಕೊಂಚ ಅಗಲ, ಒಂದು ಕೊಂಚ ಸಣ್ಣ. ಎರಡು ವಾರ ಊರಿನ ಕಮೋಡುಗಳ ಜಾತಕವನ್ನೆಲ್ಲ ಜಾಲಾಡಿದ್ದೇನೆ; ಇದೊಂದನ್ನು ಕೇಳಿರಲಿಲ್ಲ.

"ಗೊತ್ತಿಲ್ಲ ಕಣ್ರೀ."

ಇವರು ಹುಬ್ಬೇರಿಸಿದರು. "ನಿನಗೆ ಗೊತ್ತಿಲ್ವಾ?"

"ಗೊತ್ತಿಲ್ಲ."

"ಹಾಗಾದ್ರೆ ಒತ್ತಿ ನೋಡೋಣ. ನಾನು ಎಣಿಸ್ತೀನಿ." ಸರಳು ಬಿಡದೆ ವಾಚು ಕಟ್ಟಿದ ಕೈಯನ್ನು ಕಣ್ಣೆದುರಿಗೆ ಹಿಡಿದರು, ಮೀಟರ್ ಓದುವಾಗ ಹಿಡಿಯುತ್ತಿದ್ದ ಹಾಗೆ. ಸಣ್ಣದನ್ನು ಒತ್ತಿದೆ. "ನಾಲ್ಕು ಸೆಕೆಂಡು. ಈಗ ಇನ್ನೊಂದು." ಒತ್ತಿದೆ. ಗೊರ್ ಎಂದಿತೇ ಹೊರತು ನೀರು ಬರಲಿಲ್ಲ.

"ಟ್ಯಾಂಕು ಖಾಲಿ. ತುಂಬಬೇಕು" ಎಂದರು.

ಅಂಗಡಿಯಿಂದ ಯಾರೋ, "ಟೈಲರಮ್ಮಾ, ಅಳತೆ ಕೊಡ್ಬೇಕಿತ್ತು" ಎಂದು ಕರೆದರು. ಬಂದೆ ಎಂದು ತಿರುಗಿದೆ.

"ಇನ್ನೂ ತುಂಬಿಲ್ಲ" ಎಂದರು. "ಇರು."

ಇದ್ದೆ.